ಒಂದೇ ಸಲ ಕೇಳುವ ಊರು

ಕಳೆದ ಭಾನುವಾರ ಬೆಳಗ್ಗೆ ನಮ್ಮ ಫ್ರಿಜ್ಜಿನಲ್ಲಿ ಏನೋ ಸತ್ತಿದೆ ಎಂದು ನನ್ನ ಹೆಂಡತಿ ತೀರ್ಮಾನಿಸಿದಳು. ಸತ್ತದ್ದು ಏನೂ ಇರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಹೊಸ ಅಂಗಡಿಯೊಂದರಲ್ಲಿ ನಾನು ಕೊಂಡು ತಂದಿದ್ದ ಫ್ರಾನ್ಸ್ ದೇಶದ ಚೀಸು, ಅಂಗೈಯಗಲದ ಮರದ ಡಬ್ಬಿಯೊಳಗೆ ತನ್ನ ಪಾಡಿಗೆ ತಾನು ಮಾಗುತ್ತಿತ್ತು. "ಮಾಗಾದಲ್ಲ ರೀ ಇದು, ಕೊಳ್ಯಾದು. ಮೊದ್ಲು ಆಚೆ ಇಕ್ಕಿ" ಎಂದಳು. ಕಾಂಪೌಂಡ್ ಗೋಡೆಯ ಮೇಲಿಟ್ಟೆ. ಒಂದು ಕಾಗೆ ಬಂತು, ತಲೆ ಓರೆ ಮಾಡಿ ನೋಡಿತು, ಹೊರಟುಹೋಯಿತು. ಬಂಗಾರಪೇಟೆಯ ಕಾಗೆ ತಿನ್ನುವ ಪದಾರ್ಥವನ್ನು ಬಿಟ್ಟು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಿಮಗೂ ಆ ವಾಸನೆ ಹಿಡಿಸಲಿಕ್ಕಿಲ್ಲ, ಬಲವಂತವಿಲ್ಲ. ನಾನು ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಹನ್ನೊಂದು ವರ್ಷ ಹಿಂದಕ್ಕೆ ಹೋಗಿ ನಿಂತೆ. ಆಗ ನಾನು ಹಾಲು ತಣಿಸುವ ಕೇಂದ್ರವೊಂದರಲ್ಲಿ ಮೇಲ್ವಿಚಾರಕ. ಫ್ರಾನ್ಸಿಗೆ ಆರು ವಾರದ ತರಬೇತಿಗೆ ಹೋಗಬೇಕಾಗಿದ್ದ ದೊಡ್ಡ ಅಧಿಕಾರಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು, ನನ್ನನ್ನು ಕಳಿಸಿದರು. ಅಲ್ಲಿಂದ ನಾನು ತಂದದ್ದು ಎರಡು. ಒಂದು ಈ ಚೀಸಿನ ಚಪಲ. ಇನ್ನೊಂದು ಊಟದ ಮೇಜಿನ ಒಂದು ಅಭ್ಯಾಸ. ಆ ಅಭ್ಯಾಸದ ದೆಸೆಯಿಂದ ನನ್ನ ಅಕ್ಕನ ಪಾಲಿನ ಒಂದು ಎಕರೆ ಹೊಲ ನನ್ನ ಹೆಸರಿಗೆ ಬಂತು. ಹೊಲದ ಮಾತಿಗೆ ಬರುತ್ತೇನೆ, ಮೊದಲು ಊಟದ್ದು ಹೇಳಿಬಿಡುತ್ತೇನೆ. ಹೇಳಿಕೊಳ್ಳಲು ನನಗೆ ಸಂತೋಷವಿರುವುದು ಅದೊಂದೇ ಭಾಗ.

ಗುಡ್ಡಗಳ ನಡುವಿನ ಸಣ್ಣ ಊರಿನಲ್ಲಿ ಒದೀಲ್ ಎಂಬ ಅರವತ್ತರ ಹೆಂಗಸಿನ ಮನೆಯಲ್ಲಿ ನಾನು ಇಳಿದುಕೊಂಡಿದ್ದೆ. ಮೂವತ್ತು ಹಸು, ಹಿತ್ತಲಲ್ಲಿ ಚೀಸು ಮಾಡುವ ಕೋಣೆ, ಅದನ್ನು ಮಾಗಿಸಲು ಒಂದು ನೆಲಮಾಳಿಗೆ. ಇಬ್ಬರ ಇಂಗ್ಲಿಷೂ ಒಂದೇ ಮಟ್ಟಕ್ಕೆ ಕೆಟ್ಟದಾಗಿದ್ದರಿಂದ ಮಾತು ಸಲೀಸಾಗಿ ನಡೆಯುತ್ತಿತ್ತು. ಮೊದಲ ದಿನ ಮಧ್ಯಾಹ್ನ ಒದೀಲ್ ಈರುಳ್ಳಿ ಸೂಪಿನ ಪಾತ್ರೆ ಹಿಡಿದು ಬೇಕೇ ಎಂದರು. ಹೊಸ ಮನೆ, ಗುರುತಿಲ್ಲದವರು; ನಾನೋ ಮರ್ಯಾದಸ್ಥರ ಮನೆಯಲ್ಲಿ ಬೆಳೆದವನು. ಬೇಡ ಎಂದೆ. ನಮ್ಮ ಕಡೆ ಮೊದಲನೆಯ ಬೇಡ ಎಂದರೆ ಕೇಳಿದ್ದಕ್ಕೆ ಸಂತೋಷ ಎಂದು. ಎರಡನೆಯ ಬೇಡ ಎಂದರೆ ಇನ್ನೊಂದು ಸಲ ಕೇಳಿ ಎಂದು. ಮೂರನೆಯ ಸಲ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಬಡಿಸುವವರಿಗೆ ಒಂದಿಷ್ಟು ಜಾಗ ಬಿಟ್ಟು. ಒದೀಲ್ ಸರಿ ಎಂದು ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದರು. ಆಮೇಲೆ ಕೋಳಿ ಬಂತು, ಬೇಡ ಎಂದೆ, ಅದೂ ಹೋಯಿತು. ಆಲೂಗಡ್ಡೆ ಬಂತು, ಹೋಯಿತು. ಕೊನೆಗೆ ಒಂದು ಸೇಬು ಸಿಕ್ಕಿತು. ಅದು ಮೇಜಿನ ಮೇಲೇ ಇತ್ತು, ಯಾರೂ ಕೇಳುವ ಪ್ರಶ್ನೆಯಿರಲಿಲ್ಲ. ಕೋಣೆಗೆ ಹೋಗಿ, ಹೆಂಡತಿ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಬರಿದೇ ನೆಕ್ಕಿದೆ. ಮೂರು ದಿನ ಹೀಗೆ ಕಳೆಯಿತು. ನಾಲ್ಕನೆಯ ದಿನ ಚಟ್ನಿಪುಡಿ ಮುಗಿಯಿತು. ಬೇಕು ಎಂದೆ.

ಅಂದು ಕುಡಿದ ಈರುಳ್ಳಿ ಸೂಪನ್ನು ನಾನು ಇರುವ ತನಕ ಮರೆಯುವುದಿಲ್ಲ. ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಬಾಡಿಸಿದ ಈರುಳ್ಳಿ, ಮೇಲೊಂದು ಬ್ರೆಡ್ಡಿನ ತುಂಡು, ಅದರ ಮೇಲೆ ಕರಗಿದ ಚೀಸು. ಖಾರವೊಂದಿಲ್ಲ, ಆ ಕೊರತೆಯನ್ನು ಆ ದೇಶದವರು ಧೈರ್ಯವಾಗಿ ಸಹಿಸಿಕೊಂಡಿದ್ದಾರೆ. ಎರಡು ಬಟ್ಟಲು ಮುಗಿಸಿ, ನೀವು ಒಂದೇ ಸಲ ಏಕೆ ಕೇಳುತ್ತೀರಿ ಎಂದು ವಿಚಾರಿಸಿದೆ. ಒದೀಲ್‌ಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನೀವು ಬೇಡ ಎಂದ ಮೇಲೂ ಕೇಳಿದರೆ ನಿಮ್ಮ ಮಾತನ್ನು ನಾನು ನಂಬಲಿಲ್ಲ ಎಂದ ಹಾಗಲ್ಲವೇ?" ಎಂದರು. ನನ್ನ ಮಾತನ್ನು ಅಷ್ಟು ಸಲೀಸಾಗಿ ನಂಬುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲಿನ ಐದು ವಾರ ನಾನು ಪರಮ ಸುಖಿ. ಬ್ರೆಡ್ಡಿಗೆ ಅಲ್ಲಿ ತಟ್ಟೆಯಿಲ್ಲ, ಮೇಜಿನ ಬಟ್ಟೆಯ ಮೇಲೇ ಇಡುತ್ತಾರೆ, ಕೈಯಲ್ಲಿ ಮುರಿಯುತ್ತಾರೆ, ಊಟ ಮುಗಿದ ಮೇಲೆ ಅದರಲ್ಲೇ ತಟ್ಟೆ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಮುದ್ದೆಯ ಕೊನೆಯ ತುತ್ತಿನಲ್ಲಿ ಸಾರು ಬಳಿದುಕೊಳ್ಳುವ ನನಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಅಂಗಡಿ, ಅಂಚೆ ಕಚೇರಿ, ಎಲ್ಲಕ್ಕೂ ಬೀಗ. ಆ ಹೊತ್ತಿಗೆ ಕುರ್ಚಿ ಖಾಲಿ ಇರುವ ಪದ್ಧತಿ ನಮ್ಮ ಕಚೇರಿಗಳಲ್ಲೂ ಉಂಟು, ಆದರೆ ಅಲ್ಲಿಯವರು ನಿಜವಾಗಿ ಊಟಕ್ಕೇ ಹೋಗಿರುತ್ತಾರೆ. ಊಟ ಮಾಡುತ್ತಾ ಮಾತಾಡುವುದು ಏನನ್ನು ಎಂದುಕೊಂಡಿರಿ? ಬೇರೆ ಊಟವನ್ನು. ಕೋಳಿ ತಿನ್ನುತ್ತಾ ಹೋದ ವರ್ಷದ ಮೀನನ್ನು ನೆನೆಯುತ್ತಾರೆ, ಮೀನು ತಿನ್ನುವ ದಿನ ಕೋಳಿಯನ್ನು ಹೊಗಳುತ್ತಾರೆ.

ತಪ್ಪು ಮಾಡಲಿಲ್ಲವೆಂದಲ್ಲ. ಒಂದು ಸಂಜೆ ಊರಿನ ನಾಲ್ಕು ಜನ ಊಟಕ್ಕೆ ಬಂದಿದ್ದರು. ತ್ರಿಕೋನಾಕಾರದ ಚೀಸಿನ ತುಂಡನ್ನು ಮೊದಲು ನನ್ನ ಮುಂದೆ ಸರಿಸಿದರು. ಅತಿಥಿ ಆಸೆಬುರುಕನೆನಿಸಿಕೊಳ್ಳಬಾರದು ಎಂದು ನಾನು ಅದರ ಚೂಪು ತುದಿಯನ್ನು, ಉಗುರಿನಷ್ಟನ್ನು, ಕತ್ತರಿಸಿಕೊಂಡೆ. ಒದೀಲ್ ಮೆಲ್ಲಗೆ ತಿದ್ದಿದರು. ಇಡೀ ಚೀಸಿನ ಹದವೆಲ್ಲ ಆ ತುದಿಯಲ್ಲೇ ಇರುವುದಂತೆ. ಅದು ಎಲ್ಲರಿಗೂ ಸಿಗುವ ಹಾಗೆ ಉದ್ದಕ್ಕೆ ಕೊಯ್ದುಕೊಳ್ಳಬೇಕಂತೆ. ಸಂಕೋಚದಿಂದ ತೆಗೆದುಕೊಂಡದ್ದು ಎಲ್ಲರ ಪಾಲಿನದಾಗಿತ್ತು. ಪಾಲಿನ ಮಾತು ಬಂತೆಂದು ಒದೀಲ್ ನಗುತ್ತಾ ತಮ್ಮ ಕಥೆ ಹೇಳಿದರು. ಆ ಜಮೀನು ಅವರ ಅಪ್ಪನದು. ಅಪ್ಪ ಹೋದ ಮೇಲೆ ಸರ್ಕಾರದ ನೋಟರಿ ಬಂದು ಲೆಕ್ಕ ಹಾಕಿ ಅಣ್ಣನಿಗೆ ಅರ್ಧ, ಇವರಿಗೆ ಅರ್ಧ ಎಂದು ಬರೆದನಂತೆ. ನಿಮ್ಮನ್ನು ಬೇಕೇ ಎಂದು ಕೇಳಲಿಲ್ಲವೇ ಎಂದೆ. "ಸೂಪಾದರೆ ಕೇಳಬೇಕು, ಪಾಲನ್ನು ಏಕೆ ಕೇಳಬೇಕು? ಅದು ನನ್ನದೇ" ಎಂದರು. ನಾನು ತಲೆಯಾಡಿಸಿ ಬ್ರೆಡ್ಡು ಮುರಿದುಕೊಂಡೆ.

ಊರಿಗೆ ಬಂದ ಮೇಲೆ ಕೆಲವು ತಿಂಗಳು ನಾನು ಸಹಿಸಲಸಾಧ್ಯನಾಗಿದ್ದೆ ಎಂದು ಮನೆಯವರೆಲ್ಲ ಒಪ್ಪುತ್ತಾರೆ. ಅಲ್ಲಿ ಅಂಗಡಿಗೆ ಕಾಲಿಟ್ಟೊಡನೆ ಒಳಗಿರುವವರಿಗೆಲ್ಲ ವಂದನೆ ಹೇಳುವುದು ರೂಢಿ. ಬಂಗಾರಪೇಟೆಯ ದಿನಸಿ ಅಂಗಡಿಯಲ್ಲಿ ನಾನೂ ಕೈಜೋಡಿಸಿ ಎಲ್ಲರಿಗೂ ನಮಸ್ಕಾರ ಎಂದೆ. ಅಂಗಡಿಯವನು ತಕ್ಕಡಿ ಬಿಟ್ಟು, "ಏಂ ಸಾರ್, ಎಲೆಕ್ಷನ್‌ಗೆ ನಿಂತ್ಕಂಡ್ರಾ?" ಎಂದ. ಮನೆಗೆ ಬಂದ ನೆಂಟರಿಗೆ ಕಾಫಿ ಬೇಕೇ ಎಂದು ಒಂದೇ ಸಲ ಕೇಳತೊಡಗಿದೆ. ಹಲವರು ಕುಡಿಯದೆ ಹೋದರು. ಎರಡನೆಯ ಸಲ ಬಂದವರು ಕಡಿಮೆ.

ಇನ್ನು ಹೊಲ. ನಾನು ಬಂದ ಮರುವರ್ಷ ಅಪ್ಪ ತೀರಿಕೊಂಡರು. ಎರಡು ಎಕರೆ, ಅಕ್ಕ ತಮ್ಮ ಇಬ್ಬರೇ. ಅಕ್ಕ ಮುನಿಯಮ್ಮ ಬೇತಮಂಗಲದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋದವಳು. ಅಮ್ಮ ಬೇಗ ಹೋದ್ದರಿಂದ ನನಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ಸಾಕಿದವಳು ಅವಳೇ. ಭಾವ ಕೂಲಿಗೆ ಹೋಗುತ್ತಾರೆ. ಅವಳು ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಒಂದು ಗೇಣು ಹೊಲವಿಲ್ಲ, ಹುಲ್ಲನ್ನು ಕಂಡವರ ಬದುವಿನಲ್ಲಿ ಕೊಯ್ದು ತಲೆಯ ಮೇಲೆ ಹೊತ್ತು ತರಬೇಕು. ಕಾನೂನಿನಲ್ಲಿ ಅವಳಿಗೂ ಅರ್ಧವುಂಟು. ಆದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಒಂದು ಸೀರೆ ಕೊಟ್ಟು, ಪಾಲು ಬೇಡವೆಂದು ಸಹಿ ಹಾಕಿಸಿಕೊಳ್ಳುವುದು ನಡೆದುಬಂದಿದೆ.

ನಾನು ಹೋದಾಗ ಅಕ್ಕ ಹಾಲು ಕರೆಯುತ್ತಿದ್ದಳು. "ಅಕ್ಕ, ನಿನ್ ಪಾಲು ಬೇಕಾ?" ಎಂದೆ. "ಬ್ಯಾಡ ಬಿಡಪ್ಪ" ಎಂದಳು, ತಲೆಯೆತ್ತದೆ. ಸರಿ ಎಂದೆ. ಎಷ್ಟು ನಾಗರಿಕನಾಗಿದ್ದೆ ನೋಡಿ, ಅವಳ ಮಾತನ್ನು ತಕ್ಷಣ ನಂಬಿದೆ. ಒಂದು ವಾರದಲ್ಲಿ ಬಂಗಾರಪೇಟೆಯ ನೋಂದಣಿ ಕಚೇರಿಯಲ್ಲಿ ಅವಳು ಸಹಿ ಹಾಕಿದಳು, ನಾನು ಹಸಿರು ಸೀರೆ ಕೊಟ್ಟೆ. ಹೊಲವನ್ನು ಟೊಮ್ಯಾಟೊ ಬೆಳೆಯುವವನೊಬ್ಬನಿಗೆ ಗುತ್ತಿಗೆಗೆ ಹಾಕಿದೆ. ಆ ದಿನ ನನಗೆ ಒದೀಲ್ ಸೂಪಿನ ಬಗ್ಗೆ ಹೇಳಿದ್ದು ಚೆನ್ನಾಗಿ ನೆನಪಿತ್ತು, ಪಾಲಿನ ಬಗ್ಗೆ ಹೇಳಿದ್ದು ನೆನಪಾಗಲಿಲ್ಲ.

ಇದಾಗಿ ಹತ್ತು ವರ್ಷ. ಮೊನ್ನೆ ಭಾನುವಾರ, ಕಾಗೆಯೂ ಬಿಟ್ಟ ಆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಅಕ್ಕನ ಊರಿನ ಬಸ್ಸು ಹತ್ತಿದೆ. ಹಾಲಿನ ವಿಷಯ ತಿಳಿದವಳು, ಅವಳಾದರೂ ಮೆಚ್ಚಬಹುದೆಂಬ ಆಸೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಯ ತನಕ ಖಾಲಿ ಇತ್ತು. ಅಕ್ಕ ಬೆರಳಲ್ಲಿ ಚೂರು ತೆಗೆದು ಬಾಯಿಗಿಟ್ಟು, ಕಣ್ಣು ಮುಚ್ಚಿ ಯೋಚಿಸಿದಳು. "ಆಲು ಚೆಂದಾಗಿತ್ತು ಕಣ್ಲಾ. ಆಮೇಕೆ ಯಾರೋ ಮರ್ತವ್ರೆ" ಎಂದಳು. ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ತರಬೇತಿಯಲ್ಲೂ ಕೇಳಿರಲಿಲ್ಲ.

ಊಟಕ್ಕಿಟ್ಟಳು. ಮುದ್ದೆ, ಅವರೆಕಾಳಿನ ಸಾರು.

"ಇನ್ನೊಂದು ಆಕ್ಲಾ?"

"ಬ್ಯಾಡಕ್ಕ."

"ಅರ್ಧ ಆಕಿಸ್ಕೊ."

"ಸಾಕು, ಬ್ಯಾಡ."

"ಚಿಕ್ಕದು ಕಣ್ಲಾ" ಎನ್ನುವಷ್ಟರಲ್ಲಿ ಇಡೀ ಮುದ್ದೆ ತಟ್ಟೆಯಲ್ಲಿತ್ತು.

ನನಗೆ ಉಪನ್ಯಾಸದ ಉತ್ಸಾಹ ಬಂತು. "ಫ್ರಾನ್ಸ್‌ನಾಗೆ ಒಂದೇ ಸಲ ಕೇಳಾದು ಅಕ್ಕ. ಬ್ಯಾಡ ಅಂದ್ರೆ ಬಿಟ್ಬಿಡ್ತಾರೆ. ಅದು ಮರ್ಯಾದೆ" ಎಂದೆ.

"ಗೊತ್ತು ಕಣಪ್ಪ. ನೀನೂ ಅಂಗೇ ಕೇಳ್ದೆ."

"ಏನ್ನ?"

"ಒಲಾನ. ಮುದ್ದೆಗೆ ಮೂರ್ ಸಲ ಕೇಳ್ತೀವಿ. ಒಲಕ್ಕೆ ಒಂದೇ ಸಲ ಕೇಳ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲೇ ಹೇಳಿದಳು. ನನಗೆ ನಾಚಿಕೆಯಾಯಿತು, ಆಗಲೇ ಬೇಕಾಗಿತ್ತು. ನಿಮ್ಮ ಹತ್ತಿರ ಸುಳ್ಳೇಕೆ, ಅವಳದು ಯಾವ ಬೇಡ ಎಂದು ನನಗೆ ಅಂದೇ ಗೊತ್ತಿತ್ತು. ಅವಳ ಕೈಯಲ್ಲಿ ಉಂಡು ಬೆಳೆದವನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಫ್ರಾನ್ಸ್ ಬರೀ ನೆಪ. ಈರುಳ್ಳಿ ಸೂಪು ಕೊಟ್ಟು ಉಪಚರಿಸಿದ ದೇಶದ ತಲೆಗೆ ನನ್ನ ದುರಾಸೆಯನ್ನು ಕಟ್ಟಿದ್ದೆ.

"ಅಕ್ಕ, ನಿನ್ ಪಾಲು ಬೇಕಾ?" ಎಂದೆ.

"ಬಿಡ್ಲಾ, ಆಗಿದ್ದಾಯ್ತು. ಉಣ್ಣು."

ನಾನು ತಟ್ಟೆಯಿಂದ ಕೈ ತೆಗೆದೆ. ಅಂದಿನದೂ ಸೇರಿ ಮೂರನೆಯ ಸಲ ಕೇಳಿದೆ.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಬೋರು ಇರೋ ಕಡೇದು ಕೊಡು, ಉಲ್ಲು ಆಕ್ತೀನಿ. ಬಂಡೆ ಇರೋ ಕಡೇದು ನೀನೇ ಇಕ್ಕೊ" ಎಂದಳು. ಆಮೇಲೆ ನನ್ನ ತಟ್ಟೆಗೆ ಸಾರು ಸುರಿಯುತ್ತಾ ಕೇಳಿದಳು: "ನಾಳೀಕೆ ಬತ್ತೀನಿ. ಆಪೀಸು ಎಷ್ಟೊತ್ತಿಗೆ ತೆಗೀತಾರೆ?"