ಥೆಲ್ಮಾಳ ಕಾಗದದ ಯಜಮಾನರು

ಸ್ಕಿಪ್ಟನ್ ಪೇಟೆಯ ಥ್ವೈಟ್ ಬಟ್ಟೆ ಅಂಗಡಿಯಿಂದ ಪ್ರತಿ ತಿಂಗಳ ಮೊದಲ ವಾರ ಊರೂರಿನ ಗಿರಾಕಿಗಳಿಗೆ ಅಂಚೆಯಲ್ಲಿ ಒಂದು ಕಾಗದ ಹೊರಡುತ್ತಿತ್ತು. ಉಣ್ಣೆಯ ಸ್ವೆಟರು, ಫ್ಲಾನೆಲ್ ಅಂಗಿ, ದಪ್ಪ ಕಾಲುಚೀಲ, ಪಟ್ಟೆ ಪೈಜಾಮ, ಇವುಗಳ ಪಟ್ಟಿ ಮೂರು ಪುಟ. ಕೊನೆಯ ಪುಟ ಥೆಲ್ಮಾಳದು. ನಾಲ್ಕು ಸಾವಿರ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಪಟ್ಟಿಯನ್ನು ಮೂಸಿಯೂ ನೋಡದೆ ನೇರ ಆ ಪುಟಕ್ಕೇ ಹೋಗುತ್ತಾರೆ ಎಂದು ಪಾಲೀನ್ ಹೇಳುತ್ತಿದ್ದಳು. ಪಾರ್ಸೆಲ್ ಕಟ್ಟುವುದು, ಫೋನು ಎತ್ತುವುದು, ಉದ್ದವಾದ ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು ಎಲ್ಲ ಪಾಲೀನಳದೇ ಆದ್ದರಿಂದ ಅವಳ ಮಾತನ್ನು ತೆಗೆದುಹಾಕುವಂತಿರಲಿಲ್ಲ.

ಆ ಪುಟ ಹುಟ್ಟಿದ್ದು ಪ್ರೆಸ್ಸಿನವನ ದೆಸೆಯಿಂದ. ಹಾಳೆ ಮಡಚಿದರೆ ನಾಲ್ಕು ಪುಟ ಆಗುತ್ತದೆ, ನಿಮ್ಮ ಸರಕು ಮೂರಕ್ಕೇ ಮುಗಿಯಿತಲ್ಲ, ಒಂದು ಪುಟ ಬೋಳು ಬಿಡಲೇ ಎಂದು ಅವನು ಕೇಳಿದ್ದ. ಅಂಗಡಿಯ ಒಡೆಯ ಡೆಸ್ಮಂಡ್ ಕತ್ತರಿ ಕೆಳಗಿಡದೆ ಹೆಂಡತಿ ಥೆಲ್ಮಾಳ ಕಡೆ ತಿರುಗಿ, "ನೀನೇ ಏನಾದ್ರೂ ಗೀಚಿಬಿಡೇ. ಹವಾಮಾನದ ಬಗ್ಗೆ ಬರಿ. ಈ ದೇಶದಲ್ಲಿ ಅದೊಂದು ಖಾಲಿ ಆಗಲ್ಲ" ಅಂದ.

ಥೆಲ್ಮಾ ಹವಾಮಾನದ ಬಗ್ಗೆ ಬರೆದಳು. ಎಂಟು ಸಾಲಿಗೆ ಅದೂ ಖಾಲಿಯಾಯಿತು. ಉಳಿದ ಜಾಗಕ್ಕೆ ಗಂಡನನ್ನು ತಂದು ಕೂರಿಸಿದಳು. ಆಗಸ್ಟ್ ರಜೆಯ ದಿನ ಹಿತ್ತಿಲಲ್ಲಿ ಕೆಂಡದ ಮೇಲೆ ಸಾಸೇಜು ಸುಡಲು ಹೋಗಿ, ಮಳೆ ಬಂದಾಗ ಛತ್ರಿಯನ್ನು ಸಾಸೇಜಿಗೆ ಹಿಡಿದು ತಾನು ನೆನೆಯುತ್ತ ನಿಂತದ್ದನ್ನು ಬರೆದಳು. ಹೆಸರು ಹಾಕಲಿಲ್ಲ, 'ಯಜಮಾನರು' ಎಂದಷ್ಟೇ ಬರೆದಳು. ಮುಂದಿನ ವಾರ ಹನ್ನೊಂದು ಜನ ಸ್ವೆಟರಿನ ಆರ್ಡರಿನ ಜೊತೆಗೆ ಯಜಮಾನರಿಗೆ ನೆಗಡಿ ಆಯಿತೇ ಎಂದು ಕೇಳಿ ಬರೆದಿದ್ದರು.

ಹಾಗೆ ಶುರುವಾದದ್ದು ಇಪ್ಪತ್ತಾರು ವರ್ಷ ನಡೆಯಿತು. ನವೆಂಬರ್ ಒಂದನೇ ತಾರೀಖಿನ ತನಕ ಮನೆಯ ಹೀಟರ್ ಮುಟ್ಟಲು ಬಿಡದೆ, "ಚಳಿ ಆದ್ರೆ ಸ್ವೆಟರ್ ಹಾಕ್ಕೋ, ಕೆಳಗಡೆ ಅಂಗಡೀಲಿ ಮುನ್ನೂರಿವೆ" ಅನ್ನುವ ಯಜಮಾನರು. ಬೀದಿಯಲ್ಲಿ ಸಾಲು ಕಂಡರೆ ಯಾತಕ್ಕೆಂದು ಕೇಳದೆ ನಿಂತುಬಿಡುವ ಯಜಮಾನರು. ಒಮ್ಮೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ಅದು ರಕ್ತ ಕೊಡುವವರ ಸಾಲು ಎಂದು ಗೊತ್ತಾಗಿ, ನಡುವೆ ಬಿಟ್ಟು ಬರಲು ನಾಚಿಕೆಯಾಗಿ, ರಕ್ತ ಕೊಟ್ಟು ಬಿಸ್ಕತ್ತು ಹಿಡಿದುಕೊಂಡು ಮನೆಗೆ ಬಂದ ಯಜಮಾನರು. ಕಾರ್ನ್‌ವಾಲಿನಿಂದ ಸ್ಕಾಟ್ಲೆಂಡಿನ ತನಕ ಎಷ್ಟೋ ಮನೆಯವರಿಗೆ ಅವನು ತಮ್ಮ ಸೋದರಮಾವನಷ್ಟು ಪರಿಚಿತನಾಗಿದ್ದ.

ಅಚ್ಚಿಗೆ ಹೋಗುವ ಮೊದಲು ಬೆಳಗಿನ ತಿಂಡಿಯ ಹೊತ್ತಿಗೆ ಥೆಲ್ಮಾ ಅದನ್ನು ಅವನಿಗೆ ಓದಿ ಹೇಳುವುದು ರೂಢಿ.

"ಇದು ನಡೆದೇ ಇಲ್ವಲ್ಲೇ," ಎನ್ನುತ್ತಿದ್ದ ಡೆಸ್ಮಂಡ್.

"ನಡೀಬೇಕಾಗಿತ್ತು. ನಿನಗೆ ಪುರುಸೊತ್ತಾಗಲಿಲ್ಲ ಅಷ್ಟೇ."

"ಸರಿ, ಹಾಕು. ಹೊಟ್ಟೆ ದಪ್ಪ ಅಂತ ಬರೆದಿದೀಯಲ್ಲ, ಅದನ್ನ ಮಾತ್ರ ತೆಗಿ."

ಅವಳು ತೆಗೆಯುತ್ತಿರಲಿಲ್ಲ.

ಒಂದು ಮಾರ್ಚಿನಲ್ಲಿ ನಾರ್ಫೋಕಿನ ಮಿಸೆಸ್ ಕ್ಯಾಚ್‌ಪೋಲ್ ಎಂಬಾಕೆಯಿಂದ ಒಂದು ಪೊಟ್ಟಣ ಬಂತು. ಒಳಗೆ ಡೆಸ್ಮಂಡನ ಕನ್ನಡಕವಿತ್ತು. ಜೊತೆಗಿದ್ದ ಚೀಟಿಯಲ್ಲಿ ಹೀಗೆ ಬರೆದಿತ್ತು: 'ನಾನು ಕೇಳಿದ್ದು ರಾತ್ರಿ ಹಾಕುವ ನಿಲುವಂಗಿ. ಬಂದದ್ದು ಈ ಕನ್ನಡಕ ಮತ್ತು ಅರ್ಧ ತಿಂದ ಚೀಸ್ ಸ್ಯಾಂಡ್‌ವಿಚ್ಚು. ಕನ್ನಡಕ ವಾಪಸು ಕಳಿಸಿದ್ದೇನೆ. ಸ್ಯಾಂಡ್‌ವಿಚ್ಚಿಗೆ ಚಟ್ನಿ ಕೊಂಚ ಜಾಸ್ತಿಯಾಗಿತ್ತು.'

ಪಾಲೀನ್ ಓದಿ ಕೌಂಟರಿನ ಮೇಲೆ ತಲೆಯಿಟ್ಟು ನಕ್ಕಳು. ಡೆಸ್ಮಂಡನೂ ನಕ್ಕ, ಆದರೆ ಉಳಿದಿಬ್ಬರು ನಗುವುದನ್ನು ನೋಡಿಕೊಂಡು ಆಮೇಲೆ ನಕ್ಕ. ಅದನ್ನು ಥೆಲ್ಮಾ ಗಮನಿಸಿದ್ದಳು. ಗಮನಿಸಿಯೂ ಏಪ್ರಿಲಿನ ಕಾಗದದಲ್ಲಿ ಸ್ಯಾಂಡ್‌ವಿಚ್ಚಿನ ಕಥೆಯನ್ನೇ ಬರೆದಳು. ಅಷ್ಟು ವರ್ಷದ ಕಾಗದಗಳಲ್ಲೇ ಅದು ಎಲ್ಲಕ್ಕಿಂತ ಹೆಚ್ಚು ನಗಿಸಿದ ಕಾಗದ. ಮೆಚ್ಚಿಗೆಯ ಪತ್ರಗಳೇ ನೂರರ ಮೇಲೆ ಬಂದವು.

ಜೂನಿನಲ್ಲಿ ಗಂಡ ಹೆಂಡತಿ ಡಾಕ್ಟರ ಮುಂದೆ ಕುಳಿತರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದು ಆಕೆ ಹೇಳಿದಾಗ ಡೆಸ್ಮಂಡ್ ಕೋಟಿನ ಜೇಬು ತಡಕಿ, "ಅಳತೆ ಟೇಪು ಅಂಗಡೀಲೇ ಬಿಟ್ಟು ಬಂದೆ ಕಣಮ್ಮ" ಎಂದ. ಡಾಕ್ಟರು ನಗಲಿಲ್ಲ. ಮರೆವಿನ ಕಾಯಿಲೆ ಎಂದರು. ಶುರುವಾಗಿ ಎರಡು ವರ್ಷವಾದರೂ ಆಗಿರಬೇಕು ಎಂದರು.

ಮನೆಗೆ ಬಂದು ಥೆಲ್ಮಾ ಹಿಂದಿನ ಎರಡು ವರ್ಷದ ಕಾಗದಗಳನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಳು. ಕಾರನ್ನು ಸಂತೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದು, ಕಳ್ಳತನವಾಯಿತೆಂದು ಪೊಲೀಸರಿಗೆ ದೂರು ಕೊಟ್ಟ ಯಜಮಾನರು. ತಮ್ಮದೆಂದು ಪಕ್ಕದ ಮನೆಗೆ ಹೊಕ್ಕು ಟೀಗೆ ಕಾಯುತ್ತ ಕುಳಿತ ಯಜಮಾನರು. ಒಂದೇ ಜನ್ಮದಿನಕ್ಕೆ ಹೆಂಡತಿಗೆ ಮೂರು ಸಲ ಕೈಗವಸು ತಂದುಕೊಟ್ಟ ಯಜಮಾನರು. ಇಪ್ಪತ್ತನಾಲ್ಕು ಕಾಗದಗಳಲ್ಲಿ ಹದಿನೈದು ಇಂಥವು. ಅವನ ಕಾಯಿಲೆ ಹೆಜ್ಜೆ ಹೆಜ್ಜೆಗೂ ಅಲ್ಲಿ ಅಚ್ಚಾಗಿತ್ತು, ತಾರೀಖಿನ ಸಮೇತ. ಬರೆದವಳು ತಾನು. ನಾಲ್ಕು ಸಾವಿರ ಮನೆಯವರನ್ನು ಕೂಡಿಸಿ ನಗಿಸಿದವಳೂ ತಾನೇ. ಕಾಗದಗಳನ್ನು ಒಟ್ಟುಮಾಡಿ ಪೆಟ್ಟಿಗೆಗೆ ಹಾಕಿ, ಎದ್ದು ಅವನಿಗೆ ಮೊಟ್ಟೆ ಬೇಯಿಸಿದಳು.

ಆಮೇಲೆಯೂ ತಿಂಗಳು ತಿಂಗಳು ಬರೆದಳು. ಆದರೆ ಹೊಸದನ್ನು ಬರೆಯುವ ಧೈರ್ಯ ಹೋಗಿತ್ತು. ಹಳೆಯ ನೆನಪುಗಳನ್ನೇ ಹೋದ ವಾರ ನಡೆದವೆಂಬಂತೆ ಬರೆದಳು. ಕಾಗದದ ಯಜಮಾನರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ಅಂಗಡಿಯ ಮೇಲಿನ ಮನೆಯ ಡೆಸ್ಮಂಡನಿಗೆ ಅಂಗಿಯ ತೋಳಿಗೆ ಕೈ ತೂರಿಸಲು ಜನ ಬೇಕಾಗಿತ್ತು.

ಬೆಳಗಿನ ಓದು ಮಾತ್ರ ತಪ್ಪಲಿಲ್ಲ. ಅವನು ನಗುತ್ತಿದ್ದ. ಒಂದು ದಿನ ನಗು ನಿಲ್ಲಿಸಿ ಕಣ್ಣೊರೆಸಿಕೊಂಡು ಕೇಳಿದ:

"ಯಾರೀ ಮನುಷ್ಯ? ಭಾರಿ ಪೆದ್ದ ಇದಾನೆ."

ಥೆಲ್ಮಾ ಕಾಗದ ಕೆಳಗಿಟ್ಟಳು. "ನಮ್ಮೂರಿನವರೇ," ಎಂದಳು.

"ಇವನಿಗೆ ಹೆಂಡತಿ ಇದಾಳಲ್ಲ. ಪಾಪ. ಹೇಗೆ ತಡ್ಕೋತಾಳೋ."

"ತಡ್ಕೋತಾಳೆ. ಅವಳಿಗೆ ಅವನಂದ್ರೆ ಇಷ್ಟ."

"ಹೌದಾ? ಹಾಗಿದ್ರೆ ಸರಿ ಬಿಡಿ," ಎಂದು ಅವನು ಟೀ ಕುಡಿದ. 'ಬಿಡಿ' ಎಂದ. ನಲವತ್ತೈದು ವರ್ಷದಲ್ಲಿ ಅವಳಿಗೆ ಎಂದೂ ಸಿಗದಿದ್ದ ಮರ್ಯಾದೆ ಅದು. ಆ ದಿನದಿಂದ ಅವನು ಅವಳನ್ನು ಗಿರಾಕಿಗಳನ್ನು ಕರೆಯುವಂತೆ ಮೇಡಂ ಎಂದೇ ಕರೆದ.

ಅಂಗಡಿಗೆ ಇಳಿದರೆ ಮಾತ್ರ ಅವನ ಕೈಗೆ ಎಲ್ಲವೂ ನೆನಪಿತ್ತು. ಹಿಂದಿನ ಕೋಣೆಯಲ್ಲಿ ಕುಳಿತು ಒಂದು ಅಂಗಿಯನ್ನು ಬಿಡಿಸಿ ಮಡಚುವನು, ಮತ್ತೆ ಬಿಡಿಸಿ ಮಡಚುವನು. ಮಡಿಕೆ ಒಂದು ನೂಲೂ ಅತ್ತಿತ್ತ ಆಗುತ್ತಿರಲಿಲ್ಲ. ಒಮ್ಮೆ ಥೆಲ್ಮಾ ಒಳಗೆ ಹೋದಾಗ ಎದ್ದು ನಿಂತು, "ಏನು ಕೊಡಲಿ ಮೇಡಂ? ಯಜಮಾನರಿಗಾ?" ಎಂದ.

"ಹೌದು. ಒಂದು ಅಂಗಿ."

"ಕಾಲರ್ ಎಷ್ಟು?"

"ಹದಿನೈದೂವರೆ."

ಡೆಸ್ಮಂಡನ ಮುಖ ಅರಳಿತು. "ಅರೆ, ನನ್ನದೂ ಅಷ್ಟೇ! ನನಗೆ ಹಿಡಿಸಿದ್ದು ಅವರಿಗೂ ಹಿಡಿಸುತ್ತೆ, ಅಳತೆ ನೋಡೋದೇ ಬೇಡ." ನೀಲಿ ಅಂಗಿಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಅವಳು ತೆಗೆದುಕೊಂಡು ಹೋಗಿ ಪಾಲೀನಳ ಮೇಜಿನ ಮೇಲಿಟ್ಟು ಕಿಟಕಿಯ ಕಡೆ ಮುಖ ಮಾಡಿ ನಿಂತಳು.

"ನೀನು ಜನಕ್ಕೆ ಹೇಳ್ಬೇಕು ಥೆಲ್ಮಾ," ಎಂದಳು ಪಾಲೀನ್. "ಈ ತಿಂಗಳೂ ಅವರು ಏಣಿ ಹತ್ತಿ ಹೊಗೆಗೂಡು ಕ್ಲೀನ್ ಮಾಡಿದ್ರು ಅಂತ ಬರೆದಿದೀಯ. ನನಗೆ ಓದೋಕೇ ಆಗಲ್ಲ."

"ಜನ ನಗಬೇಕು ಅಂತ ತಾನೇ ಓದೋದು."

"ಜನಕ್ಕೋಸ್ಕರ ಬರೀತಿದೀಯಾ ನೀನು?"

ಥೆಲ್ಮಾ ಅಂಗಿಯ ಪೊಟ್ಟಣ ಎತ್ತಿಕೊಂಡು ಮೇಲೆ ಹೋದಳು. ಪಾಲೀನಳಿಗೆ ಉತ್ತರ ಗೊತ್ತಿತ್ತು.

ಎರಡನೆಯ ವರ್ಷದ ಮೇ ತಿಂಗಳ ಒಂದು ಮಂಗಳವಾರ, ಜಿನುಗುವ ಮಳೆಯಲ್ಲಿ, ಪ್ರವಾಸದ ಬಸ್ಸಿನಿಂದಿಳಿದ ಒಬ್ಬ ಮುದುಕಿ ಅಂಗಡಿಗೆ ಬಂದಳು. ಪ್ಲಾಸ್ಟಿಕ್ ಟೊಪ್ಪಿಗೆ ಕೊಡವಿ, "ನಾನು ನಾರ್ಫೋಕಿನ ಡಾರತಿ ಕ್ಯಾಚ್‌ಪೋಲ್. ಸ್ಯಾಂಡ್‌ವಿಚ್ ತಿಂದವಳು" ಎಂದಳು. "ಬಸ್ಸು ಒಂದು ಗಂಟೆ ನಿಲ್ಲುತ್ತಂತೆ. ಎಲ್ರೂ ಕೋಟೆ ನೋಡೋಕೆ ಹೋದ್ರು. ನನಗೆ ಯಜಮಾನರನ್ನ ನೋಡ್ಬೇಕು."

ಅವರು ಊರಲ್ಲಿಲ್ಲ ಎಂದು ಥೆಲ್ಮಾ ಹೇಳುವಷ್ಟರಲ್ಲಿ ಬಾಗಿಲ ಗಂಟೆಯ ಸದ್ದಿಗೆ ಡೆಸ್ಮಂಡನೇ ಹೊರಗೆ ಬಂದ. ಟೈ ಕಟ್ಟಿದ್ದ, ಕೊರಳಿಗೆ ಟೇಪು ಹಾಕಿದ್ದ. "ಬನ್ನಿ ಮೇಡಂ, ಬನ್ನಿ. ಎಂಥಾ ಹಾಳು ಮಳೆ. ಏನು ತೋರಿಸಲಿ?"

ಮುದುಕಿ ಖುಷಿಯಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವೇ ಅಲ್ವಾ ಯಜಮಾನರು?"

"ಅಯ್ಯೋ, ನಾನಲ್ಲಪ್ಪ!" ಎಂದು ಡೆಸ್ಮಂಡ್ ನಕ್ಕ. "ಅವರು ಬೇರೆ. ಭಾರಿ ತಮಾಷೆ ಮನುಷ್ಯ ಅವರು." ಆಮೇಲೆ ದನಿ ತಗ್ಗಿಸಿ, "ಈಗೀಗ ಬರೋದೇ ಇಲ್ಲ. ಯಾಕೋ ಗೊತ್ತಿಲ್ಲ" ಎಂದ.

ಮುದುಕಿ ಥೆಲ್ಮಾಳ ಮುಖ ನೋಡಿದಳು. ಡೆಸ್ಮಂಡನ ಕಡೆ ತಿರುಗಿ, "ಗಂಡಸರ ಕಾಲುಚೀಲ ತೋರಿಸಿ. ಬೂದು ಬಣ್ಣದ್ದು, ಮೂರು ಜೊತೆ" ಎಂದಳು. ಅವನು ಒಂದೊಂದನ್ನೂ ಕೈಮೇಲೆ ಹಾಸಿ ತೋರಿಸಿ ಕಟ್ಟಿಕೊಟ್ಟ. ಬಾಗಿಲ ತನಕ ಬಂದ ಥೆಲ್ಮಾಳ ಕೈಯನ್ನು ಮುದುಕಿ ಹಿಡಿದುಕೊಂಡಳು.

"ನಮ್ಮವರು ಹೋಗಿ ಆರು ವರ್ಷ ಆಯ್ತು. ಕಾಲುಚೀಲ ಯಾರಿಗೆ ಅಂತ ಕೇಳಬೇಡಮ್ಮ," ಎಂದಳು. ಅಷ್ಟು ಹೇಳಿ ಟೊಪ್ಪಿಗೆ ಹಾಕಿಕೊಂಡು ಮಳೆಗೆ ಇಳಿದಳು.

ಜೂನಿನ ಕಾಗದದಲ್ಲಿ ಥೆಲ್ಮಾ ನಿಜ ಬರೆದಳು. ಯಜಮಾನರ ಹೆಸರು ಡೆಸ್ಮಂಡ್ ಎಂದೂ, ಅವರಿಗೆ ಮರೆವಿನ ಕಾಯಿಲೆಯೆಂದೂ, ಸುಮಾರು ಎರಡು ವರ್ಷದಿಂದ ತಾನು ಹಳಸಿದ್ದನ್ನು ಬಿಸಿಮಾಡಿ ಬಡಿಸುತ್ತಿರುವುದಾಗಿಯೂ ಬರೆದಳು. 'ಸ್ಯಾಂಡ್‌ವಿಚ್ಚಿನ ಕಥೆಗೆ ನೀವು ನಕ್ಕದ್ದು ತಪ್ಪಲ್ಲ. ನಗಿಸಿದವಳು ನಾನು. ಅವರ ಹತ್ತಿರ ಕ್ಷಮೆ ಕೇಳಿದೆ. ಯಾತಕ್ಕೆಂದು ಅವರಿಗೆ ತಿಳಿಯಲಿಲ್ಲ, ಆದರೂ ಪರವಾಗಿಲ್ಲ ಮೇಡಂ ಅಂದರು. ಪಟ್ಟೆ ಪೈಜಾಮ ಮಧ್ಯಮ ಅಳತೆಯದು ಮಾತ್ರ ಉಳಿದಿದೆ.'

ಅವನಿಗೆ ಅದನ್ನು ಓದಿ ಹೇಳಲಿಲ್ಲ. ಓದದೆ ಅಚ್ಚಿಗೆ ಕಳಿಸಿದ ಮೊದಲ ಕಾಗದ ಅದು.

ಪತ್ರಗಳು ಚೀಲಗಟ್ಟಲೆ ಬಂದವು. ಅಳುತ್ತ ಬರೆದವರಿದ್ದರು, ಕೇಕು ಕಳಿಸಿದವರಿದ್ದರು. ಬ್ರಿಸ್ಟಲಿನವನೊಬ್ಬ, 'ನನ್ನ ಹೆಸರು ಪಟ್ಟಿಯಿಂದ ತೆಗೆಯಿರಿ. ಇಂಥದ್ದು ನನ್ನ ಮನೆಯಲ್ಲೇ ಬೇಕಾದಷ್ಟಿದೆ, ನಗಲೆಂದು ನಿಮ್ಮ ಹತ್ತಿರ ಬರುತ್ತಿದ್ದೆ' ಎಂದು ಬರೆದಿದ್ದ. ಪಾಲೀನಳಿಗೆ ಸಿಟ್ಟು ಬಂತು. ಥೆಲ್ಮಾಳಿಗೆ ಬರಲಿಲ್ಲ. ಎಲ್ಲರಿಗಿಂತ ಅವನೇ ಹೆಚ್ಚು ಅರ್ಥವಾದ. ತಾನೇ ಪೆನ್ನು ಹಿಡಿದು ಅವನ ಹೆಸರಿನ ಮೇಲೆ ಗೀಟು ಹಾಕಿದಳು.

ಆ ಚಳಿಗಾಲದಲ್ಲಿ ಡೆಸ್ಮಂಡನನ್ನು ಆರೈಕೆಮನೆಗೆ ಸೇರಿಸಬೇಕಾಯಿತು. ಮೆಟ್ಟಿಲ ಮೇಲಿಂದ ಎರಡು ಸಲ ಬಿದ್ದಿದ್ದ. ಅವಳು ದಿನವೂ ಊಟದ ಹೊತ್ತಿಗೆ ಬಸ್ಸು ಹಿಡಿದು ಹೋಗಿ ಉಣ್ಣಿಸಿ ಬರುತ್ತಿದ್ದಳು. ಫೆಬ್ರುವರಿಯಲ್ಲಿ ಎದೆಗೆ ಕಫ ಕಟ್ಟಿ ನಾಲ್ಕೇ ದಿನಕ್ಕೆ ಹೋದ. ಮಣ್ಣಾದ ಮೇಲೆ ಚರ್ಚಿನ ಹಾಲಿನಲ್ಲಿ ಟೀ, ಹ್ಯಾಮ್ ಸ್ಯಾಂಡ್‌ವಿಚ್ಚು. ಬಂದವರು ತಮಾಷೆಯ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಎಲ್ಲವೂ ಕಾಗದದಿಂದ ಬಂದವು. ರಕ್ತ ಕೊಟ್ಟು ಬಿಸ್ಕತ್ತು ತಂದದ್ದನ್ನು ಮೂರು ಜನ ಹೇಳಿದರು.

ಬೇಸಿಗೆಯಲ್ಲಿ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಿದರು. ಉಳಿದ ಸರಕು ಕಟ್ಟುತ್ತ ಥೆಲ್ಮಾ ಇದ್ದಕ್ಕಿದ್ದಂತೆ ಕೇಳಿದಳು, "ಪಾಲೀನ್, ಛತ್ರಿ ಹಿಡಿದು ಸಾಸೇಜು ಸುಟ್ಟದ್ದು ನಿಜವಾಗಿ ನಡೀತಾ?"

"ನಾನಾಗ ಇರ್ಲಿಲ್ಲ. ಯಾಕೆ?"

"ನೆನಪು ಮಾಡ್ಕೊಂಡ್ರೆ ನಾನು ಬರೆದ ಸಾಲೇ ಬರುತ್ತೆ. ಅವನು ಬರೋದಿಲ್ಲ."

ಪಾಲೀನ್ ಹಗ್ಗ ಕಟ್ಟುವುದನ್ನು ನಿಲ್ಲಿಸಿ ಅವಳ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತಳು. "ಬರೀದೆ ಇದ್ದದ್ದು ಏನೂ ಇಲ್ವಾ?"

ಇತ್ತು. ಯಾರಿಗೂ ಹೇಳದ್ದನ್ನು ಥೆಲ್ಮಾ ಅಂದು ಹೇಳಿದಳು. ಮದುವೆಯಾದ ನಾಲ್ಕನೆಯ ವರ್ಷ ಅವಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಹೆಣ್ಣು ಮಗು, ಉಸಿರಾಡಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಡೆಸ್ಮಂಡ್ ಒಂದು ವಾರ ಅಂಗಡಿ ತೆರೆಯಲಿಲ್ಲ. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. ಅಂಗಡಿಯ ಅಂಗಿಗಳನ್ನೆಲ್ಲ ತೋಳ ತುಂಬ ಹೊತ್ತು ತಂದು ಅವಳ ಹಾಸಿಗೆಯ ಪಕ್ಕದಲ್ಲಿ ಕುಳಿತು, ಒಂದೊಂದರ ಗುಂಡಿಯನ್ನೂ ಕಿತ್ತು ಮತ್ತೆ ಗಟ್ಟಿಯಾಗಿ ಹೊಲಿದ. ಬೆಳಗಿನಿಂದ ಸಂಜೆಯ ತನಕ, ಏಳು ದಿನ. ಅವಳು ಗೋಡೆಯ ಕಡೆ ತಿರುಗಿ ಮಲಗಿಕೊಂಡು ದಾರ ಎಳೆಯುವ ಸದ್ದು ಕೇಳುತ್ತಿದ್ದಳು. ಎಂಟನೆಯ ದಿನ ಎದ್ದು ಕುಳಿತು ಅವನಿಗೆ ಸೂಜಿಗೆ ದಾರ ಪೋಣಿಸಿ ಕೊಟ್ಟಳು.

"ಆ ವರ್ಷ ಮಾರಿದ ಅಂಗೀದು ಒಂದು ಗುಂಡಿ ಬಿತ್ತು ಅಂತ ಯಾರೂ ಬರಲಿಲ್ಲ," ಎಂದಳು ಥೆಲ್ಮಾ. ಪಾಲೀನ್ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು.