ಹೊರಸಿನ ಕೆಳಗಿನ ತಂಬಿಗೆ

ಕಸ್ತೂರಿ, ನಿನ್ನ ಅಕ್ಕ ಸುವರ್ಣಾ ಸತ್ತದ್ದು ನೀನು ಕೊಟ್ಟ ತಣ್ಣೀರಿನಿಂದಲ್ಲ. ನಾನು ಮಾಡಿದ ಬಾಣಂತನದಿಂದ. ಅವಳು ಸತ್ತ ದಿನವೇ ಇದು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ — ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿಯ ತಲೆಗೆ, ಹೆತ್ತ ತಾಯಿ.

ಇದನ್ನು ಬಾಯಲ್ಲಿ ಹೇಳಬೇಕೆಂದು ಎಷ್ಟೋ ಸಲ ನಿನ್ನ ಎದುರು ಕುಳಿತಿದ್ದೇನೆ. ಬೇರೇನೋ ಮಾತಾಡಿ ಎದ್ದಿದ್ದೇನೆ. ಇನ್ನೂ ಮುಂದೂಡುತ್ತಿದ್ದೆನೋ ಏನೋ — ಮೊನ್ನೆ ಚಿಂಚೋಳಿಯ ನಿನ್ನ ಅತ್ತೆಮನೆಯಲ್ಲಿ ಸೀಮಂತದ ಕುಬಸ ಮಾಡಿದ ದಿನ ನೀನು ಆ ಮಾತು ಆಡದೆ ಹೋಗಿದ್ದರೆ. ಹೆಂಗಸರೆಲ್ಲ ಹೊರಗೆ ಹಾಡು ಹೇಳುತ್ತಿದ್ದರು. ನೀನು ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡೆ.

“ಅವ್ವಾ, ಈ ಸಲ ನಾ ಏನೂ ತಪ್ಪು ಮಾಡಂಗಿಲ್ಲ. ತಣ್ಣೀರು ಮುಟ್ಟಂಗಿಲ್ಲ, ಬಾಗಿಲಾ ತೆಗಿ ಅನ್ನಂಗಿಲ್ಲ. ನೀ ಹೆಂಗ ಇಡ್ತಿ ಹಂಗ ಇರ್ತೀನಿ. ಅಕ್ಕನ ಕೂಸಿಗಿ ನಾನೇ ಅವ್ವ ಇಲ್ಲದಂಗ ಮಾಡೀನಿ. ನನ್ನ ಕೂಸಿಗಿ ಹಂಗ ಆಗಬಾರ್ದು.”

ನಾನು “ಹೂಂ” ಅಂದೆ. ಬರೀ ಹೂಂ! ಶಹಾಬಾದಿನ ಮನೆಗೆ ಬಂದು, ನೀನು ಮಲಗಬೇಕಾದ ಆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದೆ. ಸುವರ್ಣಾಳ ಹಾಗೆ ನಿನಗೂ ವೈಶಾಖದಲ್ಲೇ ದಿನ ತುಂಬುತ್ತವೆ. ನನ್ನ ಸುಳ್ಳನ್ನು ನಂಬಿಕೊಂಡು ನೀನು ಆ ಕೋಣೆಗೆ ಬರುತ್ತಿದ್ದೀಯ. ನೀರು ಕೇಳದೆ, ಬಾಗಿಲು ತೆಗೆ ಎನ್ನದೆ ಮಲಗುತ್ತೀಯ.

ನಿನಗೆ ನೆನಪಿದೆ, ಆಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ನನಗೇ ಕರೆ. ಬಾಣಂತಿಗೆ ನೀರು ಎರೆಯುವುದು, ಕೂಸಿಗೆ ಎಣ್ಣೆ ತಿಕ್ಕುವುದು, ಅಂಟಿನುಂಡಿ ಕಟ್ಟುವುದು — ನನ್ನ ಕೈಗುಣ ದೊಡ್ಡದೆಂದು ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಹಡೆದು ಬಂದವರಿಗೆ ಡಾಕ್ಟರು ಏನಾದರೂ ಹೇಳಿ ಕಳಿಸಿದ್ದರೆ, “ಹೇಳ್ತಾರ, ಹೇಳ್ಲಿ ಬಿಡ್ರಿ” ಎಂದು ಸೆರಗು ಸಿಕ್ಕಿಸಿಕೊಂಡು ನನ್ನ ಕೆಲಸಕ್ಕೆ ನಿಲ್ಲುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಹೆಂಗಸು. ಎದುರು ಮಾತಾಡುವ ಧೈರ್ಯ ಯಾರಿಗಿತ್ತು?

ಇನ್ನು ಸ್ವಂತ ಮಗಳ ಚೊಚ್ಚಲ ಬಾಣಂತನ ಅಂದರೆ ಕೇಳಬೇಕೆ? ಸುವರ್ಣಾಳನ್ನು ಸೇಡಂನಿಂದ ಕರೆದುಕೊಂಡು ಬಂದು ಊರಿಗೆಲ್ಲ ತೋರಿಸುವ ಹಾಗೆ ಮಾಡಿದೆ. ಹಿಂದಿನ ಕೋಣೆಯ ಕಿಟಕಿಗೆ ಗೋಣಿಚೀಲ ತುರುಕಿದೆ. ಯಾರೂ ಫ್ಯಾನು ಹಾಕಬಾರದೆಂದು ಬಟನ್ನಿಗೆ ಪಟ್ಟಿ ಅಂಟಿಸಿದೆ. ಅವಳ ಕಿವಿಗೆ ಅರಳೆ, ತಲೆಗೆ ಉಣ್ಣೆಯ ಸ್ಕಾರ್ಫು, ಅವಳು ಮಲಗುವ ಹೊರಸಿನ ಕೆಳಗೆ ಶೆಗಡಿಯಲ್ಲಿ ಕೆಂಡ. ಕುಡಿಯಲಿಕ್ಕೆ ಅಜವಾನ ಹಾಕಿ ಕಾಯಿಸಿದ ನೀರು — ಅದೂ ಊಟದ ಜೊತೆ ಸಣ್ಣ ಬಟ್ಟಲಲ್ಲಿ. ನನ್ನ ಅವ್ವ ತೆಂಗಳಿಯಲ್ಲಿ ನನಗೆ ಹೀಗೇ ಮಾಡಿದ್ದಳು.

ಆದರೆ ತೆಂಗಳಿಯ ಆ ಮನೆ ಮಣ್ಣಿನದು. ಮೊಳಕ್ಕಿಂತ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಸುವರ್ಣಾ ಹುಟ್ಟಿದ್ದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ನೀನು ಹುಟ್ಟಿದ್ದು ಹಲ್ಲು ಕಟಕಟ ಅನ್ನಿಸುವ ಚಳಿಯಲ್ಲಿ. ಆ ಕೆಂಡ ಆಗ ನನಗೆ ಹಿತವಾಗಿತ್ತು. ಶಹಾಬಾದಿನ ಈ ಮನೆಯಲ್ಲಿ ಗೋಡೆ ಫರಸಿ ಕಲ್ಲಿನದು, ನೆಲವೂ ಫರಸಿ, ಹಿಂದಿನ ಕೋಣೆಯ ಮೇಲೆ ಬರೀ ತಗಡಿನ ಪತ್ರಾಸು. ಅವ್ವನಿಂದ ಕಲಿತದ್ದನ್ನು ಹಾಗೇ ಎತ್ತಿ ತಂದೆ. ಮನೆ ಬೇರೆ, ಬಿಸಿಲು ಬೇರೆ ಎಂದು ನೋಡಲಿಲ್ಲ.

ನೋಡಲಿಲ್ಲ ಎಂದೆನಲ್ಲ — ಅದೂ ಸುಳ್ಳೇ. ನೋಡಿದ್ದೆ. ಬಿಸಿಲು ನಮಗೆ ಹೊಸದೇನಲ್ಲ, ಬಿಸಿಲ ನಾಡಿನವರು ಎಂದು ಎದೆ ತಟ್ಟಿಕೊಳ್ಳುವ ಜನ ನಾವು. ಆದರೆ ನಾನು ಮದುವೆಯಾಗಿ ಬಂದಾಗ ಎಂಥ ಬೇಸಗೆಯಲ್ಲೂ ಹೊತ್ತು ಮುಳುಗಿದ ಮೇಲೆ ಗಾಳಿ ತಿರುಗುತ್ತಿತ್ತು, ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುತ್ತಿದ್ದೆವು. ಈಗೀಗ ರಾತ್ರಿಯೂ ಕಲ್ಲು ಆರುವುದಿಲ್ಲ. ಅದರಲ್ಲೂ ಆ ವರ್ಷ — ಶಿವರಾತ್ರಿಗೆ ಮುಂಚೆಯೇ ಕಾಯಲು ಶುರುವಾದದ್ದು ವೈಶಾಖಕ್ಕೆ ಬೆಂಕಿಯಾಗಿತ್ತು. ಕಲ್ಲಿನ ಗಣಿಯಲ್ಲಿ ಮುಕಾದಮನಾಗಿದ್ದ ನಿನ್ನ ಅಪ್ಪ, ಆಳುಗಳು ನಿಂತಲ್ಲೇ ತಲೆತಿರುಗಿ ಬೀಳುತ್ತಿದ್ದಾರೆಂದು ಬೆಳಗಿನ ಹೊತ್ತೇ ಕೆಲಸ ಮುಗಿಸಿ ಬರುತ್ತಿದ್ದರು. ಅದನ್ನು ಕೇಳಿ ನಾನೂ ಲೊಚಗುಟ್ಟಿದ್ದೆ. ಮತ್ತು ನಾನು — ಇದನ್ನು ಹೇಗೆ ಬರೆಯಲಿ — ನಾನು ಸೀರೆ ತೋಯಿಸಿ ಮೈಮೇಲೆ ಹೊದ್ದುಕೊಂಡು ಅಂಗಳದ ಬೇವಿನ ಮರದ ಕೆಳಗೆ ಮಲಗುತ್ತಿದ್ದೆ. ಹಸಿ ಬಾಣಂತಿ ಮಗಳನ್ನು ಒಳಗೆ ಕೆಂಡದ ಮೇಲೆ ಮಲಗಿಸಿ.

ಅವಳು ಕೇಳಿದಳು. ಕೇಳಲಿಲ್ಲ ಎಂದು ಹೇಳಿದರೆ ನನಗೆ ನರಕವೂ ಸಿಗಲಿಕ್ಕಿಲ್ಲ. “ಅವ್ವಾ, ಭಾಳ ಶೆಕಿ ಆಗಲಿಕತ್ತದ. ಬಾಗಿಲಾ ತೆಗಿ. ಗಡಗಿ ನೀರು ಒಂದ್ ಗುಟುಕು ಕೊಡು.”

“ಬಾಣಂತಿಗಿ ಶೆಕಿನೇ ಔಷಧ. ನಾವೆಲ್ಲಾ ಹಿಂಗೇ ಹಡದೀವಿ, ಸತ್ತೀವೇನು?”

ಇದು ನಾನು ನನ್ನ ಮಗಳಿಗೆ ಹೇಳಿದ ಮಾತು. ಇದೇ ಮಾತು, ಹೀಗೇ.

ಆ ದಿನಗಳಲ್ಲಿ ನೀನು ನನ್ನ ಕಣ್ಣು ತಪ್ಪಿಸಿ ಅವಳಿಗೆ ನೀರು ಕೊಡುತ್ತಿದ್ದೆ. ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ನನಗೆ ಜೊಂಪು ಹತ್ತಿದಾಗ, ಕೂಸಿನ ಬಟ್ಟೆ ತರುವ ನೆಪದಲ್ಲಿ, ಲಂಗದ ಮರೆಯಲ್ಲಿ ತಂಬಿಗೆ ಹಿಡಿದು ಹೋಗುತ್ತಿದ್ದೆಯಂತೆ. ಅದೇ ದಿನಗಳಲ್ಲಿ ಸುವರ್ಣಾಳ ಮುಖ ಸ್ವಲ್ಪ ಗೆಲುವಾಯಿತು. ಹಾಲು ಚೆನ್ನಾಗಿ ಇಳಿಯಿತು. ಒಂದು ಸಂಜೆ ಕೂಸಿನ ಮೂಗು ಹಿಡಿದು, “ಇದು ಥೇಟ್ ನಮ್ಮ ಅವ್ವನ ಮೂಗು, ಸಿಟ್ಟಿನ ಮೂಗು” ಎಂದು ನಕ್ಕಳು. ನೋಡಿದೆಯಾ ನನ್ನ ಬಾಣಂತನ ಎಂದು ನಾನು ಪಕ್ಕದ ಮನೆಯವಳ ಮುಂದೆ ಹೇಳಿಕೊಂಡೆ.

ಆಮೇಲಿನ ಆ ದಿನ. ತೊಟ್ಟಿಲ ಕಾರ್ಯಕ್ಕೆ ಕರೆಯಲು ನೀನು ಮತ್ತು ನಿನ್ನ ಅಪ್ಪ ಬೆಳಿಗ್ಗೆಯೇ ತೆಂಗಳಿಗೆ ಹೊರಟಿರಿ. ಹೊರಡುವ ಮುಂಚೆ ನೀನು ಒಂದು ತಂಬಿಗೆ ತುಂಬಿಸಿ ಅವಳ ಹೊರಸಿನ ಕೆಳಗೆ, ಶೆಗಡಿಯಿಂದ ದೂರ, ಗೋಡೆಗೆ ಆನಿಸಿ ಇಟ್ಟಿದ್ದೆ. ನೀನು ಬರುವಷ್ಟರಲ್ಲಿ ಅದು ಖಾಲಿಯಾಗಿತ್ತು. ಅವಳು ಕುಡಿದಳು ಎಂದೇ ನೀನು ಇವತ್ತಿಗೂ ನಂಬಿದ್ದೀಯ.

ಅವಳು ಕುಡಿಯಲಿಲ್ಲ, ಕಸ್ತೂರಿ.

ನೀವು ಹೋದ ಮೇಲೆ ನಾನು ಕೆಂಡ ತುಂಬಲು ಬಗ್ಗಿದಾಗ ತಂಬಿಗೆ ಕಣ್ಣಿಗೆ ಬಿತ್ತು. ತುಂಬಿದ ತಂಬಿಗೆ, ಹೊರಮೈಯೆಲ್ಲ ಬೆವರಿತ್ತು. ನನಗೆ ಮೈಯೆಲ್ಲ ಉರಿಯಿತು. ನನ್ನ ಮನೆಯಲ್ಲಿ, ನನ್ನ ಕೈ ಕೆಳಗೆ, ನನ್ನ ಮಾತು ಮೀರಿ! ಅದನ್ನು ಎತ್ತಿಕೊಂಡೆ. ಸುವರ್ಣಾ ಎಚ್ಚರಿದ್ದಳು. ಅವಳ ತುಟಿ ಒಡೆದಿದ್ದವು. ಕೈ ಚಾಚಿ, “ಚೆಲ್ಲಬ್ಯಾಡವ್ವಾ…” ಅಂದಳು. ನಾನು ಹಿತ್ತಲ ಬಾಗಿಲಿಗೆ ಹೋಗಿ, ಅವಳು ನೋಡುತ್ತಿದ್ದ ಹಾಗೇ, ಬಿಸಿ ಕಲ್ಲಿನ ಮೇಲೆ ಚೆಲ್ಲಿದೆ. ಖಾಲಿ ತಂಬಿಗೆಯನ್ನು ಇದ್ದಲ್ಲೇ ಇಟ್ಟೆ — ನೀನು ಬಂದ ಮೇಲೆ ಅದನ್ನು ತೋರಿಸಿ ಬೈಯಬೇಕೆಂದು. ಮತ್ತೆ ಯಾರೂ ಒಳಗೆ ಹೋಗದ ಹಾಗೆ ಬಾಗಿಲು ಎಳೆದುಕೊಂಡು ಹೊಸ್ತಿಲಲ್ಲಿ ಕಾವಲು ಕುಳಿತೆ.

ಮಧ್ಯಾಹ್ನ ಕೂಸು ಕಿರುಚಿ ಅತ್ತಿತು. ಪಾಪ, ಶೆಕೆಯಾಗಿರಬೇಕು ಎಂದು ಎತ್ತಿಕೊಂಡು ಬೇವಿನ ನೆರಳಿಗೆ ತಂದೆ. ಕೂಸಿಗೆ ಶೆಕೆ ಎಂದು ಹೊಳೆದ ಈ ತಲೆಗೆ, ಅದೇ ಹೊರಸಿನಲ್ಲಿ ಮಲಗಿದ್ದ ನನ್ನ ಕೂಸು ಹೊಳೆಯಲಿಲ್ಲ.

ಹೊತ್ತು ವಾಲುವ ಹೊತ್ತಿಗೆ ಅವಳು ಏನೇನೋ ಬಡಬಡಿಸತೊಡಗಿದಳು. ಯಾರನ್ನೋ ಕರೆದಳು, ಸೇಡಂನ ಮನೆಯಲ್ಲಿ ಇದ್ದವಳ ಹಾಗೆ ಮಾತಾಡಿದಳು. ಮೈ ಮುಟ್ಟಿದರೆ ಒಣಗಿದ ಬೆಂಕಿ. ಒಂದು ಹನಿ ಬೆವರಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಹೆಸರು — ಬಾಣಂತಿ ಸನ್ನಿ. ಶೀತ ಏರಿದರೆ ಸನ್ನಿಯಾಗುತ್ತದೆ, ಸನ್ನಿಗೆ ಇನ್ನಷ್ಟು ಕಾವು ಕೊಡಬೇಕು ಎಂದು ಕಲಿತವಳು. ಎರಡು ಕೌದಿ ಹೊದಿಸಿದೆ. ಶೆಗಡಿಗೆ ಮತ್ತೆ ಕೆಂಡ ಹಾಕಿದೆ. ಕೈಯಾರೆ ಹಾಕಿದೆ.

ನೀವು ಬಂದಾಗ ಅವಳಿಗೆ ಮೈಮೇಲೆ ಎಚ್ಚರ ಇರಲಿಲ್ಲ. ಕಲಬುರಗಿಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ, ಚಿಕ್ಕ ವಯಸ್ಸಿನವಳು, ಕೌದಿ ಕಿತ್ತು ಬಿಸಾಡಿ ಅವಳ ಮೈಮೇಲೆ ತಣ್ಣೀರು ಸುರಿಯತೊಡಗಿದಳು. ನಾನು ಹೋಗಿ ಡಾಕ್ಟರಮ್ಮನ ಕೈ ಹಿಡಿದೆ. “ಹಸಿ ಬಾಣಂತಿ ಅದಾಳ್ರಿ! ತಣ್ಣೀರು ಹಾಕಬ್ಯಾಡ್ರಿ, ಸಾಯ್ತಾಳ್ರಿ!” ಅವಳು ನನ್ನನ್ನು ಹೊರಗೆ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ತಾನೇ ಹೊರಗೆ ಬಂದು, ಮಗಳನ್ನು ಎಲ್ಲಿ, ಹೇಗೆ ಮಲಗಿಸಿದ್ದೆ ಎಂದು ಕೇಳಿ ತಿಳಿದುಕೊಂಡಳು. ನೀವಿಬ್ಬರೂ ಕೂಸನ್ನು ಎತ್ತಿಕೊಂಡು ಗೇಟಿನ ಹತ್ತಿರ ಇದ್ದಿರಿ.

“ಬಿಸಿಲು ಬಡದು ಹೋಗ್ಯಾಳ್ರಿ ಯವ್ವ” ಅಂದಳು.

“ಹೊಸ್ತಿಲಾ ದಾಟಲಾರ್ದಾಕಿಗಿ ಬಿಸಿಲು ಹೆಂಗ ಬಡೀತದ್ರಿ?”

“ಈಗಿನ ಬಿಸಿಲು ಮನಿ ಒಳಗ ಬಂದು ಕುಂದರ್ತದ. ಕಲ್ಲಿನ ಕೋಣಿ, ಮ್ಯಾಲ ಪತ್ರಾಸು, ಕೆಳಗ ಕೆಂಡ. ನೀರು ಕೊಟ್ಟು, ಬಾಗಿಲಾ ತೆಗೆದಿದ್ರ ಉಳೀತಿದ್ಳು. ಈ ಬ್ಯಾಸಗ್ಯಾಗ ಇಂಥವ್ರು ಭಾಳ ಮಂದಿ ಬರ್ಲಿಕತ್ತಾರ.”

ಉಳಿಯುತ್ತಿದ್ದಳು. ಆ ಮಾತನ್ನು ಒಬ್ಬಳೇ ಕೇಳಿಸಿಕೊಂಡೆ. ಒಬ್ಬಳೇ ನುಂಗಿದೆ.

ಮನೆಗೆ ತಂದು ಮಲಗಿಸಿದಾಗ ಪಡಸಾಲೆ ತುಂಬ ಹೆಂಗಸರು. ಸೇಡಂನ ಬೀಗತಿ ಎದೆ ಬಡಿದುಕೊಂಡು, “ನಿಮ್ಮ ಕೈಯಾಗ ಕೊಟ್ಟಿದ್ವಿ, ಹೆಂಗಾಯ್ತ್ರಿ ಇದು?” ಎಂದು ನನ್ನ ಮುಖ ನೋಡಿದಳು. ಎಲ್ಲರೂ ನೋಡಿದರು. ಯಾರೋ ಶೀತ ಏರಿರಬೇಕು ಅಂದರು. ಆಗ ನೀನು ಮೂಲೆಯಿಂದ ಎದ್ದು ಬಂದು, “ಅವ್ವಾ, ನಾ ಅಕ್ಕಗ ಗಡಗಿ ನೀರು ಕೊಟ್ಟಿದ್ದೆ” ಅಂದೆ.

ನಿನ್ನನ್ನು ಎದೆಗೆ ಅವಚಿಕೊಂಡು, ಇಲ್ಲ ಮಗಾ, ಅದನ್ನು ನಾನು ಚೆಲ್ಲಿದೆ ಎಂದು ಹೇಳಬೇಕಿತ್ತು. ನಾನು ಎಲ್ಲರ ಕಡೆಗೆ ತಿರುಗಿ ಅಂದದ್ದು: “ಕೇಳಿದ್ರೇನು? ಇಕಿ ಕೊಟ್ಟ ತಣ್ಣೀರೇ ಅಕೀನ ಒಯ್ತು.”

ಎಲ್ಲರ ಕಣ್ಣು ನನ್ನ ಮೇಲಿಂದ ನಿನ್ನ ಮೇಲೆ ಹೊರಳಿದವು. ನನಗೆ ಉಸಿರು ಬಂದ ಹಾಗಾಯಿತು. ಹೌದು, ಆ ಗಳಿಗೆಯಲ್ಲಿ, ಮಗಳ ಹೆಣದ ಮುಂದೆ, ನನಗೆ ಹಗುರವಾಯಿತು.

ಆಮೇಲೆ ಓಣಿಯ ಬಾಣಂತಿಯರ ಮನೆಗಳಿಗೆಲ್ಲ ನಾನೇ ಹೋಗಿ ಕಿಟಕಿ ತೆಗೆಸಿದೆ. ಶೆಗಡಿ ಎತ್ತಿಸಿದೆ. ಕೇಳಿದಷ್ಟು ನೀರು ಕೊಡಿ, ಬಿಸಿಲು ಮೊದಲಿನ ಹಾಗಿಲ್ಲ ಎಂದು ಜಗಳವಾಡಿ ಹೇಳಿದೆ. ಮಂದಿಯ ಮಕ್ಕಳು ಬದುಕಿದರು. ನಿನಗೆ ಮಾತ್ರ ಹೇಳಲಿಲ್ಲ. ನೀನು ಅಂದಿನಿಂದ ತಣ್ಣೀರು ಕುಡಿದದ್ದನ್ನು ನಾನು ಕಂಡಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮಲ್ಲಿ ಹೆಣ್ಣುಮಕ್ಕಳ ಕೆಲಸ. ನೀನು ತಂಬಿಗೆ ತುಂಬಿ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯುತ್ತೀಯ, ಯಾರಾದರೂ ಎತ್ತಿಕೊಡಲಿ ಎಂದು. ನಿನ್ನ ಅತ್ತೆ, “ನಿಮ್ಮ ಮಗಳಿಗಿ ಸೊಕ್ಕು, ಕೈಯಾಗ ನೀರು ಕೊಡಂಗಿಲ್ಲ” ಎಂದು ನನ್ನ ಮುಂದೆ ದೂರಿದಾಗಲೂ ನಾನು ತೆಪ್ಪಗೆ ಕುಳಿತಿದ್ದೆ.

ನಿನ್ನೆ ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಹಿಂದಿನ ಕೋಣೆಯ ಕಿಟಕಿಯನ್ನು ತೆಗೆದಿಟ್ಟು ಹೊರಗೆ ಹೋದರು. ಬರುವ ಸೋಮವಾರ ಸೇಡಂಗೆ ಹೋಗುತ್ತೇನೆ. ಬೀಗತಿಗೆ ಹೇಳಬೇಕು. ಸುವರ್ಣಾಳ ಮಗನಿಗೂ ಹೇಳಬೇಕು — ಅವ್ವನನ್ನು ಕಳೆದವಳೆಂದು ಚಿಕ್ಕಮ್ಮನ ಮುಖ ನೋಡದೆ ಬೆಳೆದ ಹುಡುಗ. ಅವರು ಹೊಸ್ತಿಲು ಹತ್ತಿಸದಿದ್ದರೆ ಅಂಗಳದಲ್ಲಿ ನಿಂತೇ ಹೇಳುತ್ತೇನೆ. ಬಿಸಿಲಿನ ಮೇಲೆ, ಅವ್ವ ಕಲಿಸಿದ್ದರ ಮೇಲೆ ಹಾಕುವುದಿಲ್ಲ. ಬಿಸಿಲು ತಂಬಿಗೆ ಚೆಲ್ಲಲಿಲ್ಲ.

ನೀನು ಬಾಣಂತನಕ್ಕೆ ಇಲ್ಲಿಗೆ ಬರಬೇಡ. ನನ್ನ ಕೈಗೆ ನಿನ್ನನ್ನು ಕೊಡು ಎಂದು ಕೇಳುವ ಬಾಯಿ ನನಗಿಲ್ಲ. ಎಲ್ಲಿದ್ದರೂ ಕಿಟಕಿ ತೆಗೆದು ಮಲಗು. ಫ್ಯಾನು ಹಾಕಿಕೋ. ಗಡಿಗೆಯನ್ನು ಹೊರಸಿನ ಪಕ್ಕದಲ್ಲೇ ಇಟ್ಟುಕೋ, ಹೊಟ್ಟೆ ತುಂಬ ನೀರು ಕುಡಿ. ಯಾರಾದರೂ ಬೇಡವೆಂದರೆ, ನನ್ನ ಅವ್ವ ಹಾಗೆ ಮಾಡಿಯೇ ನನ್ನ ಅಕ್ಕನನ್ನು ಕೊಂದಳು ಎಂದು ಹೇಳು. ಹೆಸರು ಹಿಡಿದೇ ಹೇಳು.

ಒಂದು ಮಾತು ಉಳಿದಿದೆ. ಹಿಂದಿನ ದಿನ ಮಧ್ಯಾಹ್ನ ನೀನು ಲಂಗದ ಮರೆಯಲ್ಲಿ ಒಯ್ದು ಕೊಟ್ಟೆಯಲ್ಲ, ಅದೇ ಅವಳು ಮನಸ್ಸು ತುಂಬ ಕುಡಿದ ಕೊನೆಯ ನೀರು. ಅಷ್ಟು ದಿನ ಅವಳು ಬದುಕಿದ್ದು ನಿನ್ನ ಕೈಯಿಂದ. ನನ್ನ ಹತ್ತಿರ ಅವಳು ಬರೀ ಕೇಳಿದಳು.