ಮಗ್ಗ ನಿಲ್ಲಿಸುವ ಹೊತ್ತು

ಬೂದಿಗೆರೆ ಕಡೆಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೊಸ ನೋಟೀಸು ಅಂಟಿಸಿದ್ದಾರೆ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಸಂಜೆ ಆರರ ಮೇಲೆ ಯಾರೂ ಮಿಕ್ಸಿ ಹಾಕಬಾರದಂತೆ. ಓದಿ ಒಬ್ಬನೇ ನಕ್ಕೆ. ಜೊತೆಗಿದ್ದ ಸೆಕ್ಯುರಿಟಿಯವನು ನನ್ನನ್ನು ಒಂದು ಥರಾ ನೋಡಿದ. ಅವನಿಗೆ ನಮ್ಮ ದೊಡ್ಡಮ್ಮನ ವಿಷಯ ಗೊತ್ತಿಲ್ಲ, ನಿಮಗಾದರೂ ಹೇಳುತ್ತೇನೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮ್ ಮಗ್ಗ. ಆ ಸದ್ದಿನ ನಡುವೆ ನಾವು ಪ್ರೀತಿಯ ಮಾತನ್ನೂ ಕೂಗಿಕೊಂಡೇ ಆಡುತ್ತಿದ್ದೆವು. ಹೊರಗಿನವರು ಜಗಳ ಅಂದುಕೊಳ್ಳುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದರೆ ಸಂಜೆ ಆರರಿಂದ ಒಂಬತ್ತರವರೆಗೆ ಮಗ್ಗ ನಿಲ್ಲಿಸಬೇಕೆಂಬುದು ಬೀದಿಯವರೇ ಸೇರಿ ಮಾಡಿಕೊಂಡ ಕಟ್ಟಳೆ. ಅದರ ಉಸ್ತುವಾರಿ ದೊಡ್ಡಮ್ಮನದು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅದಕ್ಕೇ ಇರಬೇಕು, ಪರೀಕ್ಷೆಯೆಂದರೆ ಅವಳಿಗೆ ದೇವರ ಕೆಲಸ. ಆರರ ಮೇಲೆ ಯಾರದಾದರೂ ಮಗ್ಗ ಓಡಿದರೆ ಬೈಯುತ್ತಿರಲಿಲ್ಲ. ಅವರ ಹೊಸ್ತಿಲ ಮುಂದೆ ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಅವಳು ಹಾಗೆ ನಿಂತರೆ ನಿಲ್ಲದ ಮಗ್ಗವನ್ನು ನಾನು ಕಂಡಿಲ್ಲ. ಎದುರು ಮನೆಯ ಮಹಬೂಬ್ ಸಾಬರು ಮದುವೆ ಸೀರೆಗಳ ಆರ್ಡರನ್ನು ಅರ್ಧಕ್ಕೇ ಬಿಟ್ಟು ಸ್ವಿಚ್ ಆರಿಸಿದ್ದುಂಟು. ಕುಕ್ಕರಿನ ವಿಷಲ್ಲಿಗೂ ಅವಳು ಒಮ್ಮೆ ತಕರಾರು ತೆಗೆದಿದ್ದಳು.

ಒಂದು ವರ್ಷ ಬೀದಿಯಿಂದ ಪರೀಕ್ಷೆಗೆ ಕೂತವನು ನಾನೊಬ್ಬನೇ. ಅದೂ ಎರಡನೆಯ ಸಲ, ಗಣಿತಕ್ಕೆ. ಈ ಸಲವೂ ಹೋದರೆ ಓದು ಬಿಡಿಸಿ ಮಗ್ಗದ ಕೆಲಸಕ್ಕೆ ಹಾಕುತ್ತೇನೆಂದು ಅಪ್ಪ ಹೇಳಿಯಾಗಿತ್ತು. ನನಗೊಬ್ಬನಿಗಾಗಿ ಇಡೀ ಬೀದಿ ದಿನಕ್ಕೆ ಮೂರು ಗಂಟೆ ದುಡಿಮೆ ಬಿಟ್ಟು ಕೈಕಟ್ಟಿ ಕೂತಿತ್ತು. ಪುಸ್ತಕ ತೆರೆದರೆ ನನಗೆ ಗಡಿಯಾರ ಕೇಳಿಸುತ್ತಿತ್ತು, ಹಲ್ಲಿ ಕೇಳಿಸುತ್ತಿತ್ತು, ಪಕ್ಕದ ಮನೆಯವರು ನನ್ನ ಬಗ್ಗೆಯೇ ಮಾತಾಡುವುದೂ ಕೇಳಿಸುತ್ತಿತ್ತು. ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಮಗ್ಗದ ಪಕ್ಕದಲ್ಲೇ ಕಟ್ಟಿದ ತೊಟ್ಟಿಲಲ್ಲಿ ಬೆಳೆದವನಿಗೆ ಆ ಮೌನ ಭಯ ಹುಟ್ಟಿಸುತ್ತಿತ್ತು. ಆದರೆ ಇಷ್ಟು ಜನ ನನಗಾಗಿ ಮಾಡುತ್ತಿರುವುದನ್ನು ಬೇಡವೆನ್ನುವುದು ಹೇಗೆ?

ವಾರವೊಂದೇ ಉಳಿದಾಗ ತಡೆಯಲಾರದೆ ದೊಡ್ಡಮ್ಮನಿಗೇ ಹೇಳಿದೆ. ಇಡೀ ಬೀದಿಯ ಬಾಯಿ ಮುಚ್ಚಿಸಿದವಳ ಮನೆಯಿಂದಲೇ ಈ ಮಾತು ಬಂದಿತ್ತಲ್ಲ. “ಈಗ ಹೇಳ್ತಿಯೇನ್ಲಾ” ಎಂದಷ್ಟೇ ಅಂದು ಎದ್ದುಹೋದಳು.

ಮಾರನೆಯ ಸಂಜೆ ಆರಕ್ಕೆ ಬೀದಿಯ ಮಗ್ಗಗಳೆಲ್ಲ ನಿಂತವು. ನಮ್ಮದು ಓಡತೊಡಗಿತು. ಮಹಬೂಬ್ ಸಾಬರು ದಡದಡನೆ ಬೀದಿ ದಾಟಿ ಬಂದು, ಸದ್ದನ್ನು ಮೀರಿಸಿ ಕೇಳಿದರು: “ಏನಮ್ಮಾ, ರೂಲ್ಸು ನಮ್ಗೊಂದು ನಿಮ್ಗೊಂದಾ?”

ನ್ಯಾಯವಾದ ಪ್ರಶ್ನೆಯೇ. ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟಳು. “ಮೆಲ್ಲಗೆ ಸಾಬ್ರೇ, ಹುಡುಗ ಓದ್ತಾವ್ನೆ.”

ಸಾಬರು ಒಳಗೆ ಇಣುಕಿದರು. ನಾನು ತಲೆಯೆತ್ತದೆ ಲೆಕ್ಕ ಮಾಡುತ್ತಿದ್ದೆ. ಸಂಗತಿ ತಿಳಿದ ಮೇಲೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನನಗೆ ಉಪಕಾರ ಮಾಡಲೆಂದೇ ಹೋಗಿ ತಮ್ಮ ನಾಲ್ಕೂ ಮಗ್ಗ ಹಾಕಿದರು. ಅರ್ಧ ಗಂಟೆಯಲ್ಲಿ ಇಡೀ ಬೀದಿಗೆ ಉಪಕಾರ ಬುದ್ಧಿ ಬಂದಿತ್ತು. ನಾನು ಗಣಿತದಲ್ಲಿ ಪಾಸಾದೆ. ಎಷ್ಟು ಅಂಕ ಎಂದು ನೀವು ಕೇಳಬಾರದು.

ಹೋದ ಭಾನುವಾರ ದೊಡ್ಡಮ್ಮನನ್ನು ನೋಡಿ ಬಂದೆ. ಕಟ್ಟಳೆಯ ಉಸ್ತುವಾರಿ ಈಗಲೂ ಅವಳದೇ. ಆದರೆ ಮೊದಲು ಮಕ್ಕಳ ಹತ್ತಿರ ಹೋಗಿ, ಸದ್ದು ಬೇಕೋ ಬೇಡವೋ ಎಂದು ಕೇಳುತ್ತಾಳಂತೆ. ಊಟವಾದ ಮೇಲೆ, ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದು ವಿಚಾರಿಸಿದಳು. ನಾನು ಅಪಾರ್ಟ್‌ಮೆಂಟಿನ ಶಿಸ್ತು, ಗೇಟು, ಪ್ರಶಾಂತ ವಾತಾವರಣ ಎಲ್ಲವನ್ನೂ ಹೊಗಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನಾನ್ ಕೇಳಿದ್ದು ನಿದ್ದೆ ವಿಷ್ಯ ಕಣಪ್ಪಾ.”

ಬರುವುದಿಲ್ಲ ಎಂದೆ. ಹೆಂಡತಿಗೂ ಹೇಳದ ಮಾತು ಅದು. ದೊಡ್ಡಮ್ಮ ಚಾಪೆ ಹಾಸಿ, ಒಳಗೆ ಹೋಗಿ ಮಗ್ಗ ಹಾಕಿದಳು. ನನಗೆ ಎಚ್ಚರವಾದಾಗ ಸಂಜೆಯಾಗಿತ್ತು.